ಹೌಸಿಂಗಿನ ಮೇಲಿಟ್ಟ ಅಂಗೈ

ಸವದತ್ತಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ಗಾಡಿ ಸಾಮಾನಿನ ಅಂಗಡಿ ಇದೆ. ಬೇರಿಂಗು, ಆಯಿಲ್ ಸೀಲು, ಬ್ರೇಕ್ ಲೈನರು, ನಟ್ಟು, ಬೋಲ್ಟು. ಅಪ್ಪ ಇಟ್ಟ ಅಂಗಡಿ; ಅಪ್ಪನ ನಂತರ ಮೂವತ್ತು ವರ್ಷದಿಂದ ಅಲ್ಲಿ ಕೂತಿರುವವನು ನಾನು, ಮಹಾದೇವ. ಮೆಕ್ಯಾನಿಕ್ಕುಗಳೆಂದರೆ ನನಗೆ ಮೊದಲಿನಿಂದಲೂ ಸಿಟ್ಟು. ತಪ್ಪು ಅವರು ಮಾಡುತ್ತಾರೆ, ಬೈಗುಳ ನನ್ನ ಸಾಮಾನಿಗೆ ಬರುತ್ತದೆ. 'ನಿಮ್ಮ ಬೇರಿಂಗ್ ಡುಪ್ಲಿಕೇಟ್ ಐತ್ರಿ ಸಾವಕಾರ್ರ' ಎಂದು ಒಮ್ಮೆಯೂ ಹೇಳದ ಮೆಕ್ಯಾನಿಕ್ ಈ ತಾಲೂಕಿನಲ್ಲಿ ಒಬ್ಬನೇ ಇದ್ದ. ಮುನವಳ್ಳಿಯ ಶಟ್ಟೆಪ್ಪ. ಅದಕ್ಕೇ ಅವನ ಮೇಲೆ ನನಗೆ ಇನ್ನೂ ಹೆಚ್ಚು ಸಿಟ್ಟಿತ್ತು.

ಶಟ್ಟೆಪ್ಪ ಬೇರೆ ಕೆಲಸ ಮಾಡುತ್ತಿರಲಿಲ್ಲ. ಹೌಸಿಂಗ್ ಕೆಲಸ ಮಾತ್ರ. ಲಾರಿ, ಜೀಪುಗಳ ಹಿಂದೆ ನಿಂತು ಬಗ್ಗಿ ನೋಡಿದರೆ ಎರಡು ಗಾಲಿಗಳ ನಡುವೆ ಕಬ್ಬಿಣದ ಒಂದು ಗುಂಡನೆಯ ಹೊಟ್ಟೆ ಕಾಣುತ್ತದಲ್ಲ, ಅದೇ ಹೌಸಿಂಗ್. ಅದರೊಳಗೆ ಕ್ರೌನ್ ಎಂಬ ದೊಡ್ಡ ಹಲ್ಲಿನ ಚಕ್ರ, ಅದನ್ನು ತಿರುಗಿಸುವ ಪಿನಿಯನ್ ಎಂಬ ಚಿಕ್ಕ ಚಕ್ರ. ಇವೆರಡರ ಹಲ್ಲು ಕೂಡುವ ಜಾಗದಲ್ಲಿ ಒಂದು ಕೂದಲೆಳೆಯಷ್ಟು ಸಡಿಲ ಬಿಡಬೇಕು. ಹೆಚ್ಚು ಬಿಟ್ಟರೆ ಗಾಡಿ ಟಕ್ ಟಕ್ ಅನ್ನುತ್ತದೆ. ಕಡಿಮೆ ಬಿಟ್ಟರೆ ಕಾದು ಸುಟ್ಟು ಹೋಗುತ್ತದೆ. ಈ ಸಡಿಲನ್ನು ಅಳೆಯಲು ಡಯಲ್ ಗೇಜ್ ಎಂಬ ಗಡಿಯಾರದಂಥ ಸಾಮಾನು ಇದೆ. ಶಟ್ಟೆಪ್ಪ ಬೆರಳಿನಿಂದ ಅಳೆಯುತ್ತಿದ್ದ. ಕ್ರೌನಿನ ಹಲ್ಲಿಗೆ ಎರಡು ಬೆರಳು ಹಚ್ಚಿ, ಕಣ್ಣು ಮುಚ್ಚಿ, ಹಿಂದೆ ಮುಂದೆ ಅಲ್ಲಾಡಿಸಿ, 'ಇನ್ನೊಂದ ತಗಡ ತಗಿಬೇಕ್ರಿ' ಅನ್ನುತ್ತಿದ್ದ. ಬೇರಿಂಗಿನ ಪಕ್ಕದಲ್ಲಿ ಹಾಕುವ ಕಾಗದದಷ್ಟು ತೆಳ್ಳನೆಯ ತಗಡಿನ ಬಳೆಯನ್ನು ತೆಗೆದರೆ ಸಡಿಲು ಸರಿಹೋಗುತ್ತಿತ್ತು. ಅವನು ಕಟ್ಟಿದ ಹೌಸಿಂಗ್ ಮರಳಿ ಬಂದದ್ದು ನಾನು ನೋಡಿಲ್ಲ.

ಹನ್ನೊಂದು ವರ್ಷದ ಹಿಂದೆ ಪುಣೆಯಿಂದ ಒಂದು ಡಯಲ್ ಗೇಜ್ ತರಿಸಿ ಅವನ ಮುಂದೆ ಇಟ್ಟೆ. ಅಂಗಡಿಯಲ್ಲಿ ನಾಲ್ಕು ಜನ ಇದ್ದರು. ಶಟ್ಟೆಪ್ಪ ಅದನ್ನು ಎತ್ತಿ ಕಿವಿಗೆ ಹಿಡಿದು, "ಟಿಕ್ ಟಿಕ್ ಅನವಲ್ದಲ್ರಿ, ಬ್ಯಾಟ್ರಿ ಇಲ್ಲೇನು?" ಎಂದ. ನಾಲ್ಕೂ ಜನ ನಕ್ಕರು. ಆ ಗೇಜು ಅಂದಿನಿಂದ ನನ್ನ ಗಾಜಿನ ಕಪಾಟಿನಲ್ಲೇ ಕೂತಿತ್ತು. ಬೇರೆಯವರು ಕೇಳಿದರೂ ಕೊಡಲಿಲ್ಲ. ಎಂದಾದರೂ ಒಂದು ದಿನ ಇವನೇ ಬಂದು ಕೇಳಬೇಕು ಎಂಬ ಹಟ ನನ್ನದು. ಇದು ಸಣ್ಣತನ ಎಂದು ನನಗೆ ಆಗಲೂ ಗೊತ್ತಿತ್ತು.

ಹಲ್ಲುಗಳು ಸರಿಯಾದ ಜಾಗದಲ್ಲಿ ಕೂಡುತ್ತಿವೆಯೇ ಎಂದು ನೋಡಲು ಬಣ್ಣ ಹಚ್ಚಿ ತಿರುಗಿಸಬೇಕು. ಅದಕ್ಕೆಂದೇ ಬರುವ ಬಣ್ಣದ ಡಬ್ಬಿಯನ್ನೂ ಅವನು ನನ್ನಿಂದ ಕೊಳ್ಳಲಿಲ್ಲ. ಎಲ್ಲಮ್ಮನ ಗುಡ್ಡದಿಂದ ತಂದ ಭಂಡಾರವನ್ನು, ಅಂದರೆ ದೇವಿಯ ಅರಿಶಿನದ ಪುಡಿಯನ್ನು, ಗ್ರೀಸಿನಲ್ಲಿ ಕಲೆಸಿ ಕ್ರೌನಿನ ಹಲ್ಲಿಗೆ ಬಳಿಯುತ್ತಿದ್ದ. ತಿರುಗಿಸಿದಾಗ ಹಳದಿಯ ನಡುವೆ ಎಲ್ಲಿ ಕಬ್ಬಿಣ ಕಾಣುತ್ತದೋ ಅಲ್ಲಿ ಹಲ್ಲು ಹಲ್ಲನ್ನು ಮುಟ್ಟಿದೆ ಎಂದು ಲೆಕ್ಕ.

"ತಾಯಿ ಭಂಡಾರ ಗೇರಿಗೆ ಹಚ್ಚತೀಯಲ್ಲೋ," ಎಂದು ನಾನು ರೇಗಿಸಿದರೆ, "ಆಕಿ ಒಮ್ಮೆನೂ ಬ್ಯಾಡ ಅಂದಿಲ್ರಿ," ಎನ್ನುತ್ತಿದ್ದ.

ಅವನು ನನಗಿಂತ ಆರು ವರ್ಷಕ್ಕೆ ದೊಡ್ಡವನು. ಆದರೂ ಅವನು ನನಗೆ 'ಬರ್ರಿ, ಕುಂದರ್ರಿ' ಅನ್ನುತ್ತಿದ್ದ, ನಾನು ಅವನಿಗೆ 'ಬಾರೋ, ಹೋಗೋ'. ಅವನ ಅಪ್ಪ ಅಣೆಕಟ್ಟಿನ ಕೆಲಸದಲ್ಲಿ ಕಲ್ಲು ಹೊತ್ತವನು. ನನ್ನ ಅಪ್ಪನ ಕಾಲದಲ್ಲಿ ಆ ಮನೆಯವರು ಸಾಮಾನು ಬೇಕಾದರೆ ಅಂಗಡಿಯ ಕಟ್ಟೆಯ ಕೆಳಗೆ ನಿಂತು ಕೇಳುತ್ತಿದ್ದರಂತೆ. ನನ್ನ ಕಾಲಕ್ಕೆ ಅವನಿಗೆ ಒಳಗೆ ಸ್ಟೂಲು ಇತ್ತು, ಜೊತೆಗೆ ಕೂತು ಚಹಾ ಇತ್ತು. ಅಷ್ಟಕ್ಕೇ ನಾನು ದೊಡ್ಡ ಮನುಷ್ಯ ಎಂದುಕೊಂಡಿದ್ದೆ. ಮಾತಿನ ರೀತಿ ಬದಲಿಸಬೇಕು ಎಂದು ಇಬ್ಬರಿಗೂ ಹೊಳೆದಿರಲಿಲ್ಲ.

ಚಹಾದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಒಲೆಯಿಂದ ಈಗಷ್ಟೇ ಇಳಿಸಿದ ಚಹಾದ ಗ್ಲಾಸನ್ನು ನಾವೆಲ್ಲ ಕಂಠದಲ್ಲಿ ಎರಡು ಬೆರಳಿನಿಂದ ಹಿಡಿದು ಊದುತ್ತಾ ಕುಡಿಯುವವರು. ಎರಡು ವರ್ಷದಿಂದ ಶಟ್ಟೆಪ್ಪ ಅದನ್ನು ಇಡೀ ಮುಷ್ಟಿಯಲ್ಲಿ ಹಿಡಿಯತೊಡಗಿದ್ದ. ಶೂರತನ ತೋರಿಸುತ್ತಾನೆ ಎಂದುಕೊಂಡೆ. ಕೌಂಟರಿನ ಮೇಲಿನ ವಾಷರುಗಳನ್ನು ಎತ್ತಲು ಹೋಗಿ ಎರಡೆರಡು ಸಲ ಕೆಡವುತ್ತಿದ್ದ. ವಯಸ್ಸಾಯಿತು ಎಂದುಕೊಂಡೆ. ಕಣ್ಣೆದುರಿಗೆ ಇದ್ದದ್ದನ್ನು ನೋಡದೆ ಬಾಯಿ ಮಾತ್ರ ನಡೆಸುವುದು ನನ್ನ ಹಳೆಯ ಚಾಳಿ.

ಹೋದ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಕಾಡಪ್ಪನ ಪಿಕಪ್ಪು ಅವನ ಶೆಡ್ಡಿಗೆ ಬಂತು. ಕಾಡಪ್ಪ ಹಿನ್ನೀರಿನ ದಂಡೆಯ ಹಳ್ಳಿಯ ರೈತ. ಹೊಲಮನೆಗಳಿಂದ ಹಾಲಿನ ಕ್ಯಾನು ತುಂಬಿಕೊಂಡು ಮುನವಳ್ಳಿಗೆ ಮುಟ್ಟಿಸುವುದೂ ಅವನದೇ ಕೆಲಸ. ಅವನದು ಹಳೆಯ ಫೋರ್ ವ್ಹೀಲ್ ಪಿಕಪ್ಪು, ಬೇಕಾದಾಗ ನಾಲ್ಕೂ ಗಾಲಿಗೆ ಶಕ್ತಿ ಹೋಗುವಂಥದ್ದು; ಮುಂದಿನ ಅಚ್ಚಿನಲ್ಲೂ ಹಿಂದಿನಂಥದ್ದೇ ಕ್ರೌನ್, ಪಿನಿಯನ್ ಇರುತ್ತದೆ. ಆದರೂ ನಮ್ಮ ಕಪ್ಪು ಎರಿ ಮಣ್ಣು ಒಮ್ಮೆ ನೆನೆಯಿತೆಂದರೆ ಅದಕ್ಕೂ ಸಾಕಾಗುವುದಿಲ್ಲ. ಹಿಂದಿನ ಒಂದು ಗಾಲಿ ಕೆಸರಿನಲ್ಲಿ ಗಿರಗಿರ ತಿರುಗುತ್ತದೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಗಾಲಿ ಸಂಬಂಧವೇ ಇಲ್ಲದಂತೆ ಸುಮ್ಮನೆ ನಿಲ್ಲುತ್ತದೆ. ಹಳೆಯ ಹೌಸಿಂಗಿನ ಗುಣವೇ ಅದು. ಇದನ್ನು ತೆಗೆದು, ಎರಡೂ ಗಾಲಿಗಳನ್ನು ಒಟ್ಟಿಗೆ ತಿರುಗಿಸುವ ಲಾಕ್ ಇರುವ ಡಿಫರೆನ್ಷಿಯಲ್ ಹಾಕಿಸಬೇಕೆಂದು ಕಾಡಪ್ಪ ಹುಬ್ಬಳ್ಳಿಯ ಗುಜರಿಯಿಂದ ಒಂದನ್ನು ಹೊತ್ತು ತಂದಿದ್ದ.

ಶಟ್ಟೆಪ್ಪ ಅದನ್ನು ಬೆಂಚಿನ ಮೇಲಿಟ್ಟು ಹಲ್ಲು ಎಣಿಸಿದ. ಆಮೇಲೆ ಬಟ್ಟೆ ಮುಚ್ಚಿದ.

"ಇದು ನಡಿಯಾಂಗಿಲ್ರಿ. ಮುಂದಿನ ಅಚ್ಚಿನ್ಯಾಗ ಹತ್ತಕ್ಕ ನಲವತ್ತೊಂದ ಹಲ್ಲ ಐತಿ, ಇದು ಒಂಬತ್ತಕ್ಕ ನಲವತ್ತೊಂದ. ಮುಂದಿನ ಗಾಲಿದ ಓಟನ ಬ್ಯಾರೆ, ಹಿಂದಿನ ಗಾಲಿದ ಓಟನ ಬ್ಯಾರೆ. ಫೋರ್ ವ್ಹೀಲ್ ಹಾಕಿದ ದಿನಾನ ನಡುವಿನ ಗೇರ್ ಡಬ್ಬಿ ಒಡಿತೈತಿ."

"ಗುಜರಿಯಾವ ಎಲ್ಲಾ ಒಂದ ಅಂದನಲ್ಲೋ," ಎಂದ ಕಾಡಪ್ಪ.

"ಅವಗ ಎಲ್ಲಾ ಒಂದ ಇರತೈತ್ರಿ, ತೂಕದ ಮ್ಯಾಲ ಮಾರತಾನ."

ಕಾಡಪ್ಪ ಮತ್ತೆ ಹೋಗಿ ಸರಿಯಾದದ್ದನ್ನು ತಂದ. ಹೊಸ ಬೇರಿಂಗು, ಸೀಲು, ತಗಡುಗಳು ನನ್ನ ಅಂಗಡಿಯಿಂದ ಹೋದವು. ಲಾಕ್ ಇರುವ ಡಿಫರೆನ್ಷಿಯಲ್ಲನ್ನು ನಾನೂ ಕಂಡಿರಲಿಲ್ಲ. ಕಟ್ಟಿ ಮುಗಿಸುವ ದಿನ ಅಂಗಡಿಯನ್ನು ಮಗನಿಗೆ ಬಿಟ್ಟು ಬಸ್ಸು ಹತ್ತಿ ಮುನವಳ್ಳಿಗೆ ಹೋದೆ.

ಕ್ರೌನಿನ ಹಲ್ಲುಗಳ ಮೇಲಿನ ಭಂಡಾರದಲ್ಲಿ ಗುರುತು ನಟ್ಟನಡುವೆ ಬಿದ್ದಿತ್ತು. ಹಲ್ಲು ಎಲ್ಲಿ ಮುಟ್ಟಿದೆ ಎಂದು ಭಂಡಾರ ಹೇಳುತ್ತದೆ, ಎಷ್ಟು ಬಿಗಿಯಾಗಿ ಮುಟ್ಟಿದೆ ಎಂದು ಹೇಳುವುದಿಲ್ಲ. ಅದನ್ನು ಶಟ್ಟೆಪ್ಪನ ಬೆರಳೇ ಹೇಳಬೇಕು. ಎರಡು ಬೆರಳು ಹಚ್ಚಿ ಕಣ್ಣು ಮುಚ್ಚಿ ಅವನು ಬಹಳ ಹೊತ್ತು ಕೂತ. ಅಷ್ಟು ಹೊತ್ತು ಅವನು ಎಂದೂ ಕೂತದ್ದಿಲ್ಲ. "ಆತು" ಎಂದ. ಆಯಿಲ್ ತುಂಬಿ, ಗಾಡಿಗೆ ಜೋಡಿಸಿ, ನೀರಿನ ಡ್ರಮ್ಮುಗಳನ್ನು ಹೇರಿಕೊಂಡು ಕಾಡಪ್ಪ ಹತ್ತು ಕಿಲೋಮೀಟರ್ ಓಡಿಸಿಕೊಂಡು ಬಂದ.

ಇನ್ನು ಉಳಿದದ್ದು ಕೊನೆಯ ಪರೀಕ್ಷೆ. ಅದು ಶಟ್ಟೆಪ್ಪನ ಪದ್ಧತಿ. ಓಡಿ ಬಂದ ಗಾಡಿಯ ಹೌಸಿಂಗಿನ ಮೇಲೆ ಅಂಗೈ ಇಟ್ಟು ಇಪ್ಪತ್ತು ಎಣಿಸುವುದು. ಇಪ್ಪತ್ತರವರೆಗೆ ಕೈ ತಡೆದರೆ ಕೆಲಸ ಸರಿ. ಅದಕ್ಕೂ ಮೊದಲೇ ಕೈ ಕಿತ್ತರೆ ಒಳಗೆ ಬಿಗಿ ಇದೆ ಎಂದು ಮತ್ತೆ ಬಿಚ್ಚುವುದು.

ಗೋಣಿಚೀಲ ಹಾಸಿ ಅವನು ಗಾಡಿಯ ಕೆಳಗೆ ಮೈ ಜಾರಿಸಿದ. ಬಲಗೈ ಇಟ್ಟ. ಒಂದು, ಎರಡು ಎಂದು ದನಿ ತೆಗೆದು ಎಣಿಸಿದ. ಹದಿನೈದಕ್ಕೆ ಬಂದಾಗ ಆಯಿಲ್ ಕಾದ ವಾಸನೆ ನನ್ನ ಮೂಗಿಗೂ ಬಂತು. ಹೊಸ ಸೀಲು, ಮೊದಲ ಓಟ, ಇರಬಹುದು ಎಂದುಕೊಂಡೆ. "ಹತ್ತೊಂಬತ್ತು, ಇಪ್ಪತ್ತು. ಬರೋಬರಿ ಐತ್ರಿ," ಎಂದು ಅವನು ಹೊರಗೆ ಬಂದ.

ಕಾಡಪ್ಪ ಖುಷಿಯಿಂದ ಬಗ್ಗಿ ತಾನೂ ಕೈ ಇಟ್ಟ. ಇಟ್ಟವನೇ "ಅಯ್ಯಯ್ಯವ್ವಾ!" ಎಂದು ಕಿತ್ತುಕೊಂಡು ಬೆರಳು ಬಾಯಿಗಿಟ್ಟ.

ಶಟ್ಟೆಪ್ಪ ನಕ್ಕ. "ಒಕ್ಕಲಿಗರ ಕೈ ಇಷ್ಟ ಮೆತ್ತಗಾದ್ರ ಹೆಂಗ್ರಿ?"

ನಗುತ್ತಲೇ ಹಳೆಯ ಬಟ್ಟೆ ತೆಗೆದುಕೊಂಡು ಬಲಗೈ ಒರೆಸಿದ. ಗ್ರೀಸಿನ ಜೊತೆ ಅಂಗೈಯ ಚರ್ಮವೂ ಬಟ್ಟೆಗೆ ಬಂತು.

ಅವನು ಕೂಗಲಿಲ್ಲ. ಕೈಯನ್ನು ಬೆಳಕಿಗೆ ಹಿಡಿದು ನೋಡಿದ, ತಿರುಗಿಸಿ ನೋಡಿದ, ಬಟ್ಟೆಯನ್ನೂ ನೋಡಿದ. ಮುಖದಲ್ಲಿ ನೋವೆಂಬುದೇ ಇರಲಿಲ್ಲ. ನೋವಿದ್ದಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

"ಯಾವಾಗಿಂದ ಹಿಂಗ?" ಎಂದು ಕೇಳಿದೆ.

"ಬೆರಳ ಹೋಗಿ ಎರಡ ವರ್ಷ ಆತ್ರಿ. ಜೋಮ ಹಿಡಿದಂಗ ಇರತೈತಿ. ರೂಢಿ ಮ್ಯಾಲ ಅಂದಾಜ ಹಿಡದ ಮಾಡಕೋತ ಬಂದೆ." ಅಂಗೈಯನ್ನು ನನ್ನ ಕಡೆ ತಿರುಗಿಸಿ ಹೇಳಿದ: "ಅಂಗೈ ಹೋಗಿದ್ದು ಇವತ್ತ ಗೊತ್ತಾತು."

ಡಾಕ್ಟರು ಪಟ್ಟಿ ಕಟ್ಟಿ, ಸಕ್ಕರೆ ಕಾಯಿಲೆ ನರಗಳನ್ನು ತಿಂದಿದೆ, ಇದು ಮರಳಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಿ ಎಂದರು. ಶಟ್ಟೆಪ್ಪ "ಹೂಂ" ಎಂದ. ಪಿಕಪ್ಪು ಶೆಡ್ಡಿನಲ್ಲಿ ಕಟ್ಟಿಗೆಯ ದಿಮ್ಮಿಗಳ ಮೇಲೆ ನಿಂತಿತು. ಬೇರೆಯವರಿಂದ ಮಾಡಿಸೋಣ ಎಂದರೆ ಕಾಡಪ್ಪ ಒಪ್ಪಲಿಲ್ಲ. ಎರವಲು ಟಂಟಂ ರಿಕ್ಷಾ ತಂದು ಅರ್ಧ ಹೊಲಮನೆಗಳ ಹಾಲು ಮಾತ್ರ ಎತ್ತುತ್ತಿದ್ದ.

ಮೂರು ವಾರ ಕಳೆದ ಮೇಲೆ ಶಟ್ಟೆಪ್ಪನ ಹೆಂಡತಿ ಸೀತವ್ವ ನನ್ನ ಅಂಗಡಿಗೆ ಬಂದಳು. ಖಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವ ಹೆಂಗಸು, ಕೂತು ಮಾತಾಡುವಷ್ಟು ಬಿಡುವು ಎಂದೂ ಇಲ್ಲದವಳು. ಅಂದು ಸ್ಟೂಲಿನ ಮೇಲೆ ಕೂತಳು.

"ಅಣ್ಣಾರ, ನೀವರ ಬಂದು ಒಂದ ಮಾತ ಹೇಳ್ರಿ. ಮುಂಜಾನಿಂದ ಹೊರಸಿನ ಮ್ಯಾಲ ಶೆಡ್ಡಿಗೆ ಮಾರಿ ಮಾಡಿ ಕುಂದರತಾರ. ಉಣ್ಣಂದ್ರ ಉಣತಾರ, ಏಳಂದ್ರ ಏಳತಾರ. ಸಿಟ್ಟಿಲ್ಲ, ದುಃಖಿಲ್ಲ. ಬೈದ್ರ ಬೈಸ್ಕೋತಾರ. ನನ್ನ ಗಂಡ ಹಂಗಿದ್ದಿಲ್ರಿ."

"ಏನಂತಾನ?"

"ಇನ್ನ ನಾ ಮಿಸ್ತ್ರಿ ಅಲ್ಲ ಅಂತಾರ. ಅಷ್ಟ."

ಕಪಾಟು ತೆಗೆದು ಗೇಜಿನ ಪೆಟ್ಟಿಗೆ ಹೊರತೆಗೆದೆ. ಹನ್ನೊಂದು ವರ್ಷ ಈ ದಿನಕ್ಕಾಗಿ ಕಾದಿದ್ದೆ, ಈಗ ಪೆಟ್ಟಿಗೆಯ ಮೇಲಿನ ಧೂಳು ಒರೆಸುವಾಗ ನನಗೆ ನಾಚಿಕೆಯಾಯಿತು.

ಶೆಡ್ಡಿಗೆ ಹೋದಾಗ ಕಾಡಪ್ಪ ತನ್ನ ಗಾಡಿ ನೋಡಲು ಬಂದು ನಿಂತಿದ್ದ, ಶಟ್ಟೆಪ್ಪ ಹಗ್ಗದ ಹೊರಸಿನ ಮೇಲೆ ಕೂತಿದ್ದ. ಶಟ್ಟೆಪ್ಪ ಪೆಟ್ಟಿಗೆ ನೋಡಿದ. ನಾನು ಹಂಗಿಸುತ್ತೇನೆ ಎಂದು ಕಾದನೋ ಏನೋ. ಹಂಗಿಸಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ನನ್ನ ಬಾಯಿಗೆ ಬರಲಿಲ್ಲ.

"ಗಾಡಿ ಪುಸ್ತಕದಾಗ ಆರರಿಂದ ಎಂಟ ಪಾಯಿಂಟ್ ಸಡಿಲ ಇರಬೇಕು ಅಂತ ಬರದಾರ," ಎಂದೆ.

"ಪುಸ್ತಕ ಬರದಾವ್ರು ಎರಿ ಹೊಲದಾಗ ಗಾಡಿ ಹೊಡದಾರೇನ್ರಿ?" ಎಂದ. ಮೂರು ವಾರದಲ್ಲಿ ಅವನು ಆಡಿದ ಅತ್ಯಂತ ಉದ್ದನೆಯ ಮಾತು ಅದು ಎಂದು ಸೀತವ್ವ ಆಮೇಲೆ ಹೇಳಿದಳು.

"ಮತ್ತ ನೀ ಎಷ್ಟ ಪಾಯಿಂಟ್ ಇಡತಿದ್ದಿ ಹೇಳು, ಅದನ್ನ ಇಡೂಣು."

ಅವನು ಪಟ್ಟಿ ಕಟ್ಟಿದ ಕೈಯನ್ನು ನೋಡಿಕೊಂಡ. "ನನಗೇನ್ ಗೊತ್ರಿ? ಅದು ಬೆರಳಿಗೆ ಗೊತ್ತಿತ್ತು. ನಾ ಯಾವತ್ತೂ ಅಳದ ನೋಡಿಲ್ಲ."

ನಲವತ್ತು ವರ್ಷ ಕೆಲಸ ಮಾಡಿದ ಕೈ ತನ್ನ ಲೆಕ್ಕವನ್ನು ಯಜಮಾನನಿಗೂ ಹೇಳದೆ ಹೋಗಿತ್ತು. ಆಗ ಮಾತಾಡಿದವನು ಕಾಡಪ್ಪ.

"ಈ ಗಾಡಿ ಮುಂದಿನ ಅಚ್ಚ ಎಂಟ ವರ್ಷದ ಹಿಂದ ನೀನ ಕಟ್ಟಿದ್ದಲ್ಲೋ ಶಟ್ಟೆಪ್ಪಾ. ಇವತ್ತಿನ ತನಕ ಒಂದ ಸಪ್ಪಳ ಮಾಡಿಲ್ಲ. ಅದನ್ನ ಬಿಚ್ಚಿ ಅಳದ್ರ ತಿಳಿಯೂದಿಲ್ಲೇನು?"

ಶಟ್ಟೆಪ್ಪ ಹೊರಸಿನಿಂದ ಎದ್ದ.

ಕಾಡಪ್ಪ ಪಾನಾ ಹಿಡಿದ. ಆಯಿಲ್ ಇಳಿಸಿ ಮುಂದಿನ ಅಚ್ಚಿನ ಮುಚ್ಚಳ ಬಿಚ್ಚಿದೆವು. ಜನ್ಮದಲ್ಲಿ ಗಾಡಿಯ ಕೆಳಗೆ ಮಲಗದ ನಾನು ಬಿಳಿ ಅಂಗಿಯಲ್ಲೇ ಮಲಗಿ, ಶಟ್ಟೆಪ್ಪ ಹೇಳಿದಂತೆ ಗೇಜಿನ ಮೊನೆಯನ್ನು ಹಲ್ಲಿಗೆ ತಾಗಿಸಿದೆ. ಕಾಡಪ್ಪ ಕ್ರೌನನ್ನು ಮೆಲ್ಲಗೆ ಅಲ್ಲಾಡಿಸಿದ. ಮುಳ್ಳು ಏಳಕ್ಕೆ ಹೋಗಿ ನಿಂತಿತು. ಕಾಲು ಸುತ್ತು ತಿರುಗಿಸಿ ಮತ್ತೆ ಹಚ್ಚಿದೆವು. ಏಳು. ಇನ್ನೊಂದು ಕಾಲು ಸುತ್ತು. ಏಳು. ಕೊನೆಯದರಲ್ಲಿ ಏಳರ ಗೆರೆಗಿಂತ ಒಂದು ಚೂರು ಆಚೆ. ಎಂಟು ವರ್ಷ ಕೆಸರಿನಲ್ಲಿ ಓಡಿದ ಅಚ್ಚು ಅದು. ಬರೀ ಎರಡು ಬೆರಳಿನಿಂದ ಕಟ್ಟಿದ್ದು.

"ಏಳ ಐತ್ರಿ ಶಟ್ಟೆಪ್ಪಾರ," ಎಂದೆ. 'ರಿ' ಎಂದದ್ದು ನನಗೆ ಗೊತ್ತಾದದ್ದು ಆಡಿದ ಮೇಲೆ.

ಅವನು ಬಗ್ಗಿ ಮುಳ್ಳನ್ನು ನೋಡಿದ. ಒಳಗಿನ ಕ್ರೌನನ್ನೂ ನೋಡಿದ.

"ಚೊಲೋ ಇತ್ತು ಕೈ," ಎಂದ. ತೀರಿಹೋದ ಯಾರದೋ ವಿಷಯ ಮಾತಾಡಿದಂತಿತ್ತು. ಗಾಡಿಯ ಕೆಳಗೆ ಮಲಗಿದ್ದ ನನಗೆ ಅಳು ಬಂತು. ಅವನಿಗೆ ಬರಲಿಲ್ಲ.

ಆಮೇಲೆ ಹಿಂದಿನ ಹೌಸಿಂಗ್ ಬಿಚ್ಚಿ ಗೇಜು ಹಚ್ಚಿದರೆ ಮುಳ್ಳು ಎರಡರ ಗೆರೆಯನ್ನೂ ಮುಟ್ಟಲಿಲ್ಲ, ಅಷ್ಟು ಬಿಗಿ. ಬೇರಿಂಗು ಕಾದು ನೀಲಿಯಾಗಿತ್ತು, ಹಲ್ಲುಗಳು ಮಾತ್ರ ಹೇಗೋ ಉಳಿದಿದ್ದವು. ಹೊಸ ಬೇರಿಂಗು ತಂದೆ. ತಗಡು ಬದಲಿಸಿ, ಕಟ್ಟಿ, ಅಳೆದು, ಮತ್ತೆ ಬಿಚ್ಚಿ, ಎರಡು ದಿನ ಹಿಡಿಯಿತು. ಒಮ್ಮೆ ಐದು, ಒಮ್ಮೆ ಒಂಬತ್ತು. ಶಟ್ಟೆಪ್ಪ ಹೊರಸಿನ ಅಂಚಿಗೆ ಕೂತು ಯಾವ ಕಡೆಯ ತಗಡು, ಎಷ್ಟು ದಪ್ಪದ್ದು ಎಂದಷ್ಟೇ ಹೇಳುತ್ತಿದ್ದ. ನಾನು ತಪ್ಪು ಮಾಡಿದರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಏಳು ಬಂದ ಮೇಲೆ ಎಡಗೈಯಲ್ಲಿ ಬ್ರಶ್ ಹಿಡಿದು ಅವನೇ ಭಂಡಾರ ಬಳಿದ. ಗುರುತು ನಟ್ಟನಡುವೆ ಬಿತ್ತು.

ಮರುದಿನ ಮಧ್ಯಾಹ್ನ ಕಾಡಪ್ಪ ಡ್ರಮ್ಮು ಹೇರಿಕೊಂಡು ಹೊರಟ. ಈ ಸಲ ಶಟ್ಟೆಪ್ಪನೂ ನಾನೂ ಜೊತೆಗೆ ಕೂತೆವು. ಹಿನ್ನೀರಿನ ದಂಡೆಯಲ್ಲಿ ಹಿಂದಿನ ದಿನದ ಮಳೆಗೆ ಹೊಲದ ದಾರಿ ಹಿಟ್ಟು ಕಲಸಿದಂತಾಗಿತ್ತು. ಕಾಡಪ್ಪ ಬೇಕೆಂದೇ ಎಡಗಾಲಿಯನ್ನು ಗುಂಡಿಗೆ ಇಳಿಸಿದ. ಅದು ಗಿರಗಿರ ತಿರುಗಿತು, ಗಾಡಿ ಅಲುಗಲಿಲ್ಲ. ಲಾಕ್ ಎಳೆದ. ಸುಮ್ಮನಿದ್ದ ಬಲಗಾಲಿಯೂ ತಿರುಗಿ ನೆಲ ಹಿಡಿಯಿತು, ಗಾಡಿ ನಿಧಾನಕ್ಕೆ ಮೇಲೆ ಬಂತು. ಕಾಡಪ್ಪ ಎಳೆಯ ಹುಡುಗನ ಹಾಗೆ ಹಾರನ್ ಹೊಡೆದ. ಶಟ್ಟೆಪ್ಪ ಕಿಟಕಿಯಿಂದ ಹೊರಗೆ ನೋಡುತ್ತಿದ್ದ.

"ಖುಷಿ ಆಗಲಿಲ್ಲೇನು?" ಎಂದೆ.

"ಆಗಬೇಕಾಗಿತ್ರಿ," ಎಂದ.

ಶೆಡ್ಡಿಗೆ ಬಂದು ಎಂಜಿನ್ ಬಂದ್ ಮಾಡಿದೆವು. ಶಟ್ಟೆಪ್ಪ ರೂಢಿಯಂತೆ ಗೋಣಿಚೀಲ ಹಾಸಿದ. ಬಗ್ಗಿದ. ಪಟ್ಟಿಯ ಕೈ ಹೌಸಿಂಗಿನವರೆಗೆ ಹೋಗಿ, ಒಂದು ಗೇಣು ದೂರದಲ್ಲಿ ನಿಂತಿತು. ನಾನೂ ಕಾಡಪ್ಪನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. 'ನಾ ಇಡತೇನಿ' ಎನ್ನುವುದು ನನ್ನ ಬಾಯಿಯವರೆಗೆ ಬಂದಿತ್ತು. ಅಷ್ಟರಲ್ಲಿ ಅವನು ಮನೆಯ ಕಡೆ ತಿರುಗಿ ಕೂಗಿದ.

"ಸೀತಾ, ಬಾ ಇಲ್ಲಿ."

ಸೀತವ್ವ ಹಿಟ್ಟಿನ ಕೈಯಲ್ಲೇ ಬಂದಳು. ಏನು ಎತ್ತ ಎಂದು ಕೇಳಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ಗೋಣಿಚೀಲದ ಮೇಲೆ ಕೂತು, ಬಗ್ಗಿ, ಅಂಗೈಯನ್ನು ಹೌಸಿಂಗಿನ ಮೇಲಿಟ್ಟಳು. ಹಂಚಿನ ಬಿಸಿಯನ್ನು ಬರಿಗೈಯಿಂದ ನೋಡಿ ರೊಟ್ಟಿ ಹಾಕುವ ಕೈ ಅದು. ಶಟ್ಟೆಪ್ಪ ಅವಳ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಎಣಿಸತೊಡಗಿದ. ಇಪ್ಪತ್ತು ಆಯಿತು. ಅವಳ ಕೈ ಅಲ್ಲೇ ಇತ್ತು.

"ಎಷ್ಟ ಬಿಸಿ ಐತಿ?" ಎಂದು ಕೇಳಿದ.

"ಬಾಳ ಇಲ್ಲ. ಬೆಚ್ಚಗೈತಿ."

"ಹೆಂಗ ಬೆಚ್ಚಗ?"

ಅವಳು ಸ್ವಲ್ಪ ಯೋಚಿಸಿದಳು. "ನಿದ್ದಿಯಿಂದ ಎದ್ದ ಕೂಸಿನ ಮೈ ಇರತೈತಲ್ಲ, ಹಂಗ."

"ಹಂಗಾದ್ರ ಬರೋಬರಿ ಐತಿ," ಎಂದ ಶಟ್ಟೆಪ್ಪ.

ಸೀತವ್ವ ಕೈ ತೆಗೆಯಲು ಹೋದಳು. ಅವನು ತನ್ನ ಎಡಗೈಯನ್ನು ಅವಳ ಕೈಯ ಪಕ್ಕದಲ್ಲಿ, ಅದೇ ಕಬ್ಬಿಣದ ಮೇಲೆ ಇಟ್ಟ. ಎರಡು ಕೈಗಳನ್ನೂ ಒಂದೇ ಸಮನೆ ನೋಡಿದ. ಆಗ ಅವನ ಕಣ್ಣು ತುಂಬಿ ಬಂತು. ಸುಟ್ಟ ದಿನದಿಂದ ಅಂದಿನವರೆಗೆ ನಾನು ಅದನ್ನು ನೋಡಿರಲಿಲ್ಲ.

"ನನಗ ಗೊತ್ತಾಗವಲ್ದು. ನೀ ತಗೀಬ್ಯಾಡ, ಇನ್ನೊಂದೀಟ ಇಟ್ಟಿರು," ಎಂದ.

ಅವಳು ಕೈ ತೆಗೆಯಲಿಲ್ಲ. ಒಳಗೆ ಒಲೆಯ ಮೇಲಿನ ರೊಟ್ಟಿ ಸೀದ ವಾಸನೆ ಬಂದರೂ ತೆಗೆಯಲಿಲ್ಲ.